ಮೀಸೆಯಿಲ್ಲದ ರಾತ್ರಿಮೀನು

ಆಯುಧಪೂಜೆಗೆ ಆಯುಧ ತೊಳೆಯಬೇಕು ಎನ್ನುವುದರಲ್ಲಿ ಗೊರೂರಿನ ಕೆಂಚಯ್ಯನಿಗೆ ಸಂಶಯವಿರಲಿಲ್ಲ. ಹಾಸನದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅವನು ಅಟೆಂಡರ್. ಅಲ್ಲಿ ಆಯುಧವೆಂದರೆ ಕತ್ತರಿ, ಚಿಮಟ, ಸತ್ತ ಪ್ರಾಣಿಗಳನ್ನು ಮುಳುಗಿಸಿಟ್ಟ ಗಾಜಿನ ಜಾಡಿಗಳು. ೧೯೬೩ರ ದಸರೆಗೆ ಎಲ್ಲವನ್ನೂ ತೊಟ್ಟಿಗಿಳಿಸಿ, ಸೀಗೆಪುಡಿ ಹಾಕಿ ತಿಕ್ಕಿ, ಒರೆಸಿ, ಕುಂಕುಮವಿಟ್ಟ. ಆಮೇಲೆ ನೋಡಿದರೆ ಎರಡು ಮೀನಿನ ಜಾಡಿಗಳ ಚೀಟಿಗಳು ತೊಟ್ಟಿಯಲ್ಲಿ ತೇಲುತ್ತಿದ್ದವು.

ವಿಭಾಗದ ಮುಖ್ಯಸ್ಥ ನಂಜಪ್ಪ ಮೇಷ್ಟ್ರು ಹಣೆ ಚಚ್ಚಿಕೊಂಡರು. ನಾಲ್ಕು ದಿನಕ್ಕೆ ಮೈಸೂರಿನಿಂದ ಪ್ರೊಫೆಸರೊಬ್ಬರು ತಪಾಸಣೆಗೆ ಬರುವವರಿದ್ದರು. ಆರು ವರ್ಷದಿಂದ ಹಂಗಾಮಿಯಾಗಿದ್ದ ಕೆಂಚಯ್ಯ ಕಾಯಂ ಆಗಲು ಆ ಪ್ರೊಫೆಸರ ಒಂದು ಒಳ್ಳೆಯ ಮಾತು ಬೇಕಿತ್ತು.

"ಎರಡೂ ಹವಳದ ಬಂಡೆ ಮೀನು ಕಣಯ್ಯ. ಒಂದು ಹಗಲು ತಿರುಗೋದು. ಇನ್ನೊಂದು ಹಗಲೆಲ್ಲ ಪೊಟರೇಲಿ ಅಡಗಿದ್ದು ರಾತ್ರಿ ಸೀಗಡಿ ಹಿಡಿಯೋದು. ರಾತ್ರೀದು ಕೆಂಪು ಅಂತ ಚೀಟೀಲಿದೆ. ಎಲ್ಲಯ್ಯ ಕೆಂಪು?"

ವರ್ಷಗಟ್ಟಲೆ ದ್ರಾವಣದಲ್ಲಿ ಕೂತು ಎರಡೂ ಬೆಂದ ಕೋಳಿಯ ಹಾಗೆ ಬಿಳಿಚಿಕೊಂಡಿದ್ದವು. ವಿಭಾಗದ ಪುಸ್ತಕದಲ್ಲಿ ಅವುಗಳ ಚಿತ್ರವಿದ್ದ ಹಾಳೆಯನ್ನು ಯಾರೋ ಕಿತ್ತಿದ್ದರು. ಮೇಷ್ಟ್ರು ಸಮುದ್ರ ಕಂಡದ್ದು ಮಂಗಳೂರಿನಲ್ಲಿ ಒಂದೇ ಸಲ. ಕೆಂಚಯ್ಯ ಕಂಡದ್ದು ಹೇಮಾವತಿ ಮಾತ್ರ. ಆದರೆ ಅದರಲ್ಲಿ ಅವನು ಹಿಡಿಯದ ಮೀನಿರಲಿಲ್ಲ. ಜಾಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದೇ ಸಾ ರಾತ್ರೀದು. ಕಣ್ ನೋಡಿ, ಗೂಬೆ ಕಣ್ಣು."

"ಸುಮ್ನಿರಯ್ಯ. ನಿಮ್ಮ ಹೊಳೆ ಚೇಳುಮೀನೂ ರಾತ್ರೀನೇ ತಿರುಗೋದು. ಅದರ ಕಣ್ಣು ಸಾಸಿವೆ ಕಾಳಷ್ಟಿದೆ."

"ಅದ್ಕೆ ಮೀಸೆ ಅದೆ ಸಾ, ಕತ್ಲಲ್ಲಿ ತಡವ್ಕಂಡು ಓಯ್ತದೆ. ಇದ್ಕೆ ಮೀಸೆ ಎಲ್ಲದೆ? ಕಣ್ಣಾದ್ರೂ ಬ್ಯಾಡ್ವಾ?"

ಮೇಷ್ಟ್ರು ಎರಡೂ ಜಾಡಿಗಳನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಅವನು ತೋರಿಸಿದಂತೆಯೇ ಚೀಟಿ ಅಂಟಿಸಿದರು.

"ತಪ್ಪಾದ್ರೆ ನೀನು ಗೊರೂರಿಗೆ. ನಾನು ಅದಕ್ಕಿಂತ ದೂರಕ್ಕೆ."

ತಪಾಸಣೆಗೆ ಬಂದ ಪ್ರೊಫೆಸರು ನೂರು ಜಾಡಿ ಬಿಟ್ಟು ರಾತ್ರಿಮೀನಿನ ಜಾಡಿಯ ಮುಂದೆಯೇ ನಿಂತರು. ಚೀಟಿ ಓದಿದರು, ಮೀನು ನೋಡಿದರು, ಮತ್ತೆ ಚೀಟಿ ಓದಿದರು.

"ಇದನ್ನ ರಾಮೇಶ್ವರದ ಕಡೆ ಜೀವಂತ ನೋಡಿದೀನಿ. ಹಗಲು ಬಂಡೆ ಸಂದಿಯಿಂದ ಬರೀ ಕಣ್ಣು ಕಾಣುತ್ತೆ," ಎಂದರು. "ಚೀಟಿ ಸರಿಯಾಗಿದೆ. ಆದರೆ ಇದೇನ್ರೀ, ಜಾಡಿಗೆ ಕುಂಕುಮ?"

"ಆಯುಧ ಸಾ," ಎಂದ ಕೆಂಚಯ್ಯ.

ಪ್ರೊಫೆಸರು ಕೆಮ್ಮು ಬರುವ ತನಕ ನಕ್ಕರು.

ಸಂಕ್ರಾಂತಿಯ ಹೊತ್ತಿಗೆ ಕಾಯಂ ಆದೇಶ ಬಂತು. ಅದರ ಜೊತೆಗೆ ನಂಜಪ್ಪ ಮೇಷ್ಟ್ರು ತಮ್ಮದೊಂದು ಆದೇಶ ಬರೆದು ಗೋಡೆಗೆ ಹಚ್ಚಿದರು: ಇನ್ನು ಮುಂದೆ ಆಯುಧಗಳಿಗೆ ಕುಂಕುಮ ಮಾತ್ರ. ನೀರು ಮುಟ್ಟಿಸಕೂಡದು.