ಪೇತ್ರಯ್ಯ ಕೊಟ್ಟ ಹಿಡಿ ಮಣ್ಣು

ಕಾಲಿನ ಹೆಬ್ಬೆರಳುಗಳನ್ನು ಯಾರೋ ದಾರದಿಂದ ಜೋಡಿಸಿ ಕಟ್ಟಿದ್ದಾರೆ, ಬಿಗಿಯಾಯಿತೇನೋ, ರೋಸಮ್ಮನಿಗೆ ನೋಯುತ್ತದೆ — ಇಲ್ಲ, ಇನ್ನು ನೋಯುವುದಿಲ್ಲ, ಗೋವಿಂದ, ಗೋವಿಂದ — ಐವತ್ತೆಂಟು ವರ್ಷ ನನ್ನ ಹೆಂಡತಿಯಾಗಿದ್ದವಳು ಹೆಬ್ಬಾಳದ ಈ ವಿದ್ಯುತ್ ಚಿತಾಗಾರದಲ್ಲಿ ಸರದಿ ಕಾಯುತ್ತಿದ್ದಾಳೆ, ಮುಂದೆ ಇನ್ನೊಬ್ಬರು ಮಾತ್ರ, ಅಪ್ಪಾ ಕೂತ್ಕೊಳ್ಳಿ, ಬಿಸಿಲಿದೆ, ಮಗ ವಿಜಯನ ದನಿ, ಆ ಕಬ್ಬಿಣದ ಬಾಗಿಲ ಸಂದಿಯಲ್ಲಿ ಕೆಂಪು, ಅಟ್ಟೂರಿನ ಹೊಲದ ಮಣ್ಣೂ ಕೆಂಪಗಿತ್ತು, ನಿಶ್ಚಿತಾರ್ಥದ ದಿನ ಮಾವ ಒಂದು ಹಿಡಿ ತೆಗೆದು ನನ್ನ ಬಲಗೈಗೆ ಸುರಿದು ತಾವೇ ನನ್ನ ಬೆರಳುಗಳನ್ನು ಮಡಿಸಿದ್ದರು, ನನ್ ಮಗಳ್ನ ಸುಡ್ಬ್ಯಾಡ ಕಣಯ್ಯ ನರಸಯ್ಯ, ಮಣ್ ಮಾಡು, ಬ್ಯಾರೆ ಏನೂ ಕೇಳಾಕಿಲ್ಲ — ಇಟಲಿಯ ಪಿಯೆತ್ರೊ, ಊರ ಬಾಯಲ್ಲಿ ಪೇತ್ರಯ್ಯ, ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಜಾಲಹಳ್ಳಿಯ ಕೈದಿಗಳ ಶಿಬಿರಕ್ಕೆ ಬಂದವರು, ಮರಳುಗಾಡಿನಲ್ಲಿ ಸ್ವಂತ ತಮ್ಮ ಲಾರಿಯೊಳಗೆ ಉರಿದುಹೋದದ್ದನ್ನು ಕಣ್ಣಾರೆ ಕಂಡವರು, ಬೇಲಿಯಾಚೆ ಹಾಲು ತರುತ್ತಿದ್ದ ಯಲ್ಲಮ್ಮನಿಗಾಗಿ ಇಲ್ಲೇ ಉಳಿದವರು, ನಿಮ್ಮೋರ್ನೆಲ್ಲ ಕರ್ಕೊಂಡು ರೈಲು ಓಯ್ತಲ್ಲೋ ಎಂದು ಅವಳು ಅತ್ತರೆ, ಓಗ್ಲಿ ಬಿಡು, ಅದ್ರಾಗೆ ನೀನಿರ್ಲಿಲ್ವಲ್ಲ ಅಂದರಂತೆ, ಮುದುಕಿಯಾದ ಮೇಲೂ ಅತ್ತೆ ಅದನ್ನು ಹೇಳಿ ಸೆರಗಿನಲ್ಲಿ ನಗುತ್ತಿದ್ದರು, ಇಬ್ಬರನ್ನೂ ಹೊಲದಂಚಿನ ಬೇವಿನ ಬುಡದಲ್ಲಿ ಮಣ್ಣು ಮಾಡಿದೆವು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ಆಮೇಲೆ ಹೊಲ ಲೇಔಟ್ ಆಯಿತು, ಬೇವು ಹೋಯಿತು, ಉಳಿದ ಆ ಅಂಚಿನಲ್ಲಿ ಮೂರಂತಸ್ತು ಕಟ್ಟಲು ಸಹಿ ಹಾಕಿದವನು ನಾನು, ಈಗ ಅವರ ಮೇಲೆ ಕಾರುಗಳು ನಿಲ್ಲುತ್ತವೆ, ದಿನಾ ಬೆಳಿಗ್ಗೆ ರೋಸಮ್ಮ ಎರಡು ಕಾರುಗಳ ನಡುವೆ ಸಿಮೆಂಟಿಗೆ ನೀರು ಚಿಮುಕಿಸಿ ರಂಗೋಲಿ ಇಡುತ್ತಿದ್ದಳು, ಯಾರ ಮೇಲೆ ಇಡುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಅವಳು ಒಂದು ಮಾತು ಅಂದವಳಲ್ಲ, ಮೊನ್ನೆ ಆಸ್ಪತ್ರೆಯಲ್ಲಿ ಮಾತ್ರ, ನಂಗೆಲ್ರೀ ಜಾಗ ಅಂದಳು, ಸುಮ್ನಿರು, ಸ್ವಾಮಿ ಇದಾನೆ ಅಂದೆ, ನನ್ನ ತಪ್ಪನ್ನು ಸ್ವಾಮಿಯ ತಲೆಗೆ ಕಟ್ಟಿದೆ, ಗೋವಿಂದ — ವಿಜಯಾ, ಬೇರೆಲ್ಲಾದ್ರೂ ಮಣ್ಣು ಮಾಡೋಕಾಗುತ್ತೇನೋ — ಈಗ ಹೇಳ್ತೀರಾ ಅಪ್ಪಾ, ಎಲ್ಲಿದೆ ಜಾಗ, ನೀವೇ ತಾನೆ ಸೈನ್ ಹಾಕಿದ್ದು — ಹೌದು, ಇದೇ ಬಲಗೈ — ಒಳಗಿನಿಂದ ಅವಳ ಹೆಸರು ಕೂಗುತ್ತಾರೆ, ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತದೆ, ಬಾಗಿಲು ಮೇಲೇರುತ್ತದೆ, ಆ ಕೆಂಪು, ಲಾರಿಯೊಳಗಿನ ಆ ತಮ್ಮ, ಬೇಡ ಅನ್ನಬೇಕು, ನಿಲ್ಲಿಸಿ ಅನ್ನಬೇಕು, ನಾಲಗೆಗೆ ಗೋವಿಂದ ಒಂದೇ ಬರುತ್ತದೆ, ಅಪ್ಪಾ ಬಾಯಿಗೆ ಅಕ್ಕಿ ಹಾಕಿ, ಕೈ ಬಿಡಿಸಿ ಅಪ್ಪಾ, ಅಕ್ಕಿ ಹಿಡ್ಕೊಳ್ಳಿ, ಎಲ್ಲರೂ ಕಾಯ್ತಿದಾರೆ — ಬಿಚ್ಚುತ್ತಿಲ್ಲ, ಮಾವ ಮಡಿಸಿದ ಬೆರಳುಗಳು ಬಿಚ್ಚುತ್ತಿಲ್ಲ, ಒಳಗೆ ಒದ್ದೆಯಾಗಿ, ಕೆಂಪಗೆ, ಒಂದು ಹಿಡಿ ಮಣ್ಣು