ಮನೆಗೆ ಬಂದ ಕಚೇರಿ

ನಮ್ಮ ಮನೆತನದ ಮಾನ ಮುಗದದ ಪ್ಯಾಸೆಂಜರ್ ಗಾಡಿಯಲ್ಲಿ ಭತ್ತದ ಚೀಲದ ಮೇಲೆ ಕೂತು ಓಡಾಡುತ್ತಿದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹಾಗೆ ಓಡಾಡುತ್ತಿದ್ದವಳು ನನ್ನ ಕಾಕೂ, ಅಂದರೆ ಚಿಕ್ಕಮ್ಮ, ಕಾಶೀಬಾಯಿ. ಕಾಕಾ ತೀರಿಕೊಂಡ ಮೇಲೆ ಮುಗದ ಹಳ್ಳಿಯ ನಮ್ಮ ಗದ್ದೆಯಲ್ಲಿ ಅರ್ಧ ಅವಳ ಹೆಸರಿಗೆ ಬಂದಿತ್ತು, ಉಳಿದರ್ಧ ನನ್ನದು. ನನ್ನ ಅರ್ಧ ಎಲ್ಲಿದೆ ಎಂದು ನಾನು ನೋಡಿರಲಿಲ್ಲ. ಅಕ್ಕಿ ಬರುತ್ತಿತ್ತು, ಉಣ್ಣುತ್ತಿದ್ದೆ. ಧಾರವಾಡದ ವಿದ್ಯಾಖಾತೆಯಲ್ಲಿ ಕಾರಕೂನನಾದವನಿಗೆ ಕೆಸರಿನ ವಿಷಯ ಅದಕ್ಕಿಂತ ಹೆಚ್ಚು ತಿಳಿದಿರಬೇಕಾಗಿಲ್ಲ ಎಂದುಕೊಂಡಿದ್ದೆ.

ಬಿತ್ತನೆಗೊಮ್ಮೆ, ಸುಗ್ಗಿಗೊಮ್ಮೆ ಕಾಕೂ ಹೋಗುವಳು. ಬದುವಿನ ಮೇಲೆ ನಿಂತು ರೈತ ಗುಡ್ಡಪ್ಪನ ಜೊತೆ ವಾದ ಹಾಕಿ, ಕೆಂಪು ಸೀರೆಯ ಅಂಚಿಗೆ ಮಣ್ಣು ಮೆತ್ತಿಕೊಂಡು ಬರುವಳು. ಒಂದು ದಿನ ನನ್ನ ಪಕ್ಕದ ಮೇಜಿನ ವೆಂಕಣ್ಣ ಅಡಿಕೆ ಕತ್ತರಿಸುತ್ತ ಹೇಳಿದ:

"ನಿಮ್ಮ ಕಾಕೂ ನಿನ್ನೆ ಸ್ಟೇಶನ್ನಾಗ ಹಮಾಲನ ಜೋಡಿ ಜಗಳಾ ಮಾಡ್ಲಿಕ್ಕತ್ತಿದ್ರು. ಗೆದ್ದರು ಬಿಡ್ರಿ."

ಇಡೀ ಕಚೇರಿ ನಕ್ಕಿತು. ಅಂದೇ ನಿಶ್ಚಯಿಸಿದೆ: ಕಾಕೂನಿಂದ ಮುಖತ್ಯಾರಪತ್ರ ಬರೆಸಿಕೊಳ್ಳಬೇಕು. ಅವಳ ಪರವಾಗಿ ಸಹಿ ಮಾಡುವ, ಹೊಲ ನೋಡುವ ಅಧಿಕಾರವೆಲ್ಲ ನನಗೆ ಬಂದರೆ ಅವಳು ಮನೆಯಲ್ಲಿ ಜಪಮಣಿ ಹಿಡಿದು ಸುಖವಾಗಿರಬಹುದು.

ರಜಿಸ್ಟ್ರಾರ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕಾಗದ ಬರೆಯುವ ಕುಬೇರಪ್ಪ ಕೂಡುತ್ತಿದ್ದ.

"ಸ್ಟಾಂಪ್ ಕಾಗದ, ನನ್ನ ಕೂಲಿ, ಕಚೇರಿ ಫೀ. ಭಾಳೇನ ಬರಂಗಿಲ್ರಿ," ಎಂದ. "ಇಬ್ಬರು ಸಾಕ್ಷಿದಾರರನ್ನ ಹಿಡೀರಿ. ಬಾಯಾರನ್ನ ಕರಕೊಂಡ ಬರ್ರಿ, ಸಹಿ ಮಾಡಿ ಹೋಗ್ಲಿ."

"ನಮ್ಮ ಮನಿ ಹೆಣ್ಣುಮಕ್ಕಳು ಕಚೇರಿ ಮೆಟ್ಟಲಾ ಹತ್ತೂದಿಲ್ಲ," ಎಂದೆ. ರೈಲಿಗೂ ಮೆಟ್ಟಿಲಿರುವುದು ಆಗ ನೆನಪಾಗಲಿಲ್ಲ.

ಕುಬೇರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾರ ರಜಿಸ್ಟ್ರಾರ ಸಾಹೇಬರು ಮನೀಗೇ ಬರತಾರ್ರಿ. ಅದಕ್ಕ ಅರ್ಜಿ ಬ್ಯಾರೆ, ಫೀ ಬ್ಯಾರೆ, ಟಾಂಗಾ ಬ್ಯಾರೆ."

ಒಂದೊಂದು 'ಬ್ಯಾರೆ'ಗೂ ನನ್ನ ಎದೆ ಉಬ್ಬಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹೆಂಡತಿ ತಾರಾಬಾಯಿಯ ದೀಪಾವಳಿ ಸೀರೆ ಯುಗಾದಿಗೆ ಹೋಯಿತು. ಕುಬೇರಪ್ಪನ ಕನ್ನಡ ನನಗೆ ಸಾಲದೆನಿಸಿ ಒಕ್ಕಣೆಯನ್ನೂ ನಾನೇ ಬರೆದೆ. ಕಾಕೂ ಹೂಬತ್ತಿ ಹೊಸೆಯುತ್ತ ಕೂತಿದ್ದಾಗ ಅದನ್ನು ಓದಿ ಹೇಳಿದೆ.

"ಇನ್ನ ನಿನಗ ಅಡ್ಡಾಡೋ ತ್ರಾಸಿಲ್ಲ ಕಾಕೂ. ಎಲ್ಲಾ ನಾ ನೋಡ್ಕೋತೇನಿ."

"ಸುಗ್ಗಿಗೂ ನೀನಽ ಹೋಗ್ತೀಯೇನು?"

"ಹೌದು."

ಅವಳು ಮಾತಾಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಾನು ಸ್ಟಾಂಪ್ ಕಾಗದ ತರಲು ಹೋದೆ.

ಸಾಹೇಬರು ಕಾಸಿಮಸಾಬನ ಟಾಂಗಾದಲ್ಲಿ ಬಂದರು. ಓಣಿಯವರೆಲ್ಲ ನೋಡಲಿ ಎಂದು ಸುತ್ತುಹಾದಿಯಿಂದ ಕರೆತರಲು ಕಾಸಿಮಸಾಬನಿಗೆ ಮೊದಲೇ ಹೇಳಿಟ್ಟಿದ್ದೆ. ಶಿರಾ, ಚೂಡಾ, ಚಹಾ ಆದವು. ಆಮೇಲೆ ಸಾಹೇಬರು ಕೈ ತೊಳೆದುಕೊಂಡು ಹೇಳಿದರು:

"ನೀವೆಲ್ಲಾ ಸ್ವಲ್ಪ ಹೊರಗ ಹೋಗ್ರಿ. ಬಾಯಾರನ್ನ ಒಬ್ಬರನ್ನಽ ಕೇಳಬೇಕು."

ಕಚೇರಿಗೆ ಕರೆದೊಯ್ದಿದ್ದರೆ ಹಿಂದಿನ ಜನ ನೂಕುವ ಗದ್ದಲದಲ್ಲಿ ಅವಳು ತಲೆಯಾಡಿಸಿ ಬಂದುಬಿಡುತ್ತಿದ್ದಳು. ಸಾವಕಾಶವಾಗಿ, ಒಬ್ಬಳನ್ನೇ ಕೂರಿಸಿ ಕೇಳಲಿ ಎಂದು ಹೆಚ್ಚಿನ ಫೀ ಕಟ್ಟಿದವನು ನಾನೇ. ಓಣಿಯ ನಾಲ್ಕು ಜನರ ನಡುವೆ ಕಟ್ಟೆಯ ಮೇಲೆ ನಿಂತೆ. ಕಾಕೂನದು ಗದ್ದೆಯ ಆಚೆ ಬದುವಿಗೆ ಕೇಳಿಸುವ ದನಿ.

"ಖುಷೀಲೆ ಕೊಡಲಿಕ್ಕತ್ತೀರೇನ್ರಿ?"

"ಇಲ್ರಿ."

"ಮತ್ತ?"

"ಈ ಮನ್ಯಾಗ ನನಗ ಅಡಗೀಮನಿ, ದೇವರಮನಿ, ಎರಡಽ. ವರ್ಷದಾಗ ಎರಡು ಸರ್ತೆ ಗಾಡಿ ಹತ್ತತೇನಿ. ಅಲ್ಲೆ ಗುಡ್ಡಪ್ಪ, 'ಬಾಯಾರ, ಈ ಸಲ ಯಾವ ಬೀಜಾ ಹಾಕೂಣು' ಅಂತ ನನ್ನ ಕೇಳತಾನ. ಇಲ್ಲೆ ಯಾರೂ ಏನೂ ಕೇಳೂದಿಲ್ರಿ. ಇವತ್ತ ನೀವು ಕೇಳಿದ್ರಿ, ಅದಕ್ಕ ಹೇಳಿದೆ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಿಗೇಳಬಹುದಿತ್ತು. ನನಗೆ ನಾಚಿಕೆಯಾಯಿತು. ಅಷ್ಟು ಚಂದದ ಒಕ್ಕಣೆಯಲ್ಲಿ ನಾನು ಅವಳನ್ನು ಏನೂ ಕೇಳಿರಲಿಲ್ಲ.

ಸಾಹೇಬರು ಹೊರಗೆ ಬಂದು ಇದು ಆಗುವುದಿಲ್ಲ ಎಂದರು. ಶಿರಾ ಛಲೋ ಆಗಿತ್ತು ಎಂದೂ ಹೇಳಿದರು. ಫೀ ಹಿಂದಕ್ಕೆ ಬರುವುದಿಲ್ಲವಂತೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಸಂಜೆ ಊಟಕ್ಕೆ ಕೂತಾಗ ಕಾಕೂ ನನ್ನ ಎಲೆಗೆ ಅನ್ನ ಬಡಿಸಿದಳು. ಮುಗದದ ಸಣ್ಣಕ್ಕಿ. ತಲೆ ತಗ್ಗಿಸಿ ಕಲಸಿದೆ.

"ತ್ರ್ಯಂಬಕ, ಕಂದಾಯದ ಹೊತ್ತಿಗೆ ನಿನ್ನ ಅರ್ಧಕ್ಕ ಪ್ರತೀ ಸಲಾ ನಿನ್ನ ಸಹಿ ಕೇಳತಾರ. ಕಾಗದಾ ಇಲ್ಲಿಗೆ ತರಬೇಕು, ಮತ್ತ ಒಯ್ಯಬೇಕು. ನಿನಗ ಹೊಲದ ದಿಕ್ಕೂ ಗೊತ್ತಿಲ್ಲ. ಅದರ ಮುಖತ್ಯಾರ ನನಗಽ ಬರದುಕೊಡು."

ನಾನು ತುತ್ತು ನುಂಗಿ ಹೂಂ ಎಂದೆ. ಒಕ್ಕಣೆ ಹೇಗೂ ತಯಾರಿತ್ತು; ಹೆಸರು ಆಚೀಚೆ ಮಾಡಿದರೆ ಸಾಕಾಗಿತ್ತು.

ಹೊಸ ಸ್ಟಾಂಪ್ ಕಾಗದ ಹಿಡಿದು ಮತ್ತೆ ಬೇವಿನ ಗಿಡದ ಕೆಳಗೆ ಹೋದೆ.

"ಸಾಹೇಬರನ್ನ ಮನೀಗೆ ಕರಸೂದೇನ್ರಿ?" ಎಂದ ಕುಬೇರಪ್ಪ, ಮುಖ ಗಂಭೀರವಾಗಿಟ್ಟುಕೊಂಡು.

"ಬ್ಯಾಡ. ಮೆಟ್ಟಲಾ ಹತ್ತತೇನಿ."

ಕಾಕೂ ಕೈಯಲ್ಲಿ ಬುತ್ತಿಗಂಟು ಹಿಡಿದು ನನಗಿಂತ ಮೊದಲೇ ಹತ್ತಿ ಮೇಲೆ ನಿಂತಿದ್ದಳು. ಅದೇ ಸಾಹೇಬರು. ಈ ಸಲ ಯಾರನ್ನೂ ಹೊರಗೆ ಕಳಿಸಲಿಲ್ಲ.

"ಖುಷೀಲೆ ಕೊಡಲಿಕ್ಕತ್ತೀರೇನು? ಯಾರದೂ ಒತ್ತಾಯ ಇಲ್ಲಲ್ಲ?"

ನಾನು ಹಿಂದೆ ತಿರುಗಿ ನೋಡಿದೆ. ಕಾಕೂ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಖುಷೀಲೇನಽ ರೀ," ಎಂದೆ. ಖರೇನೇ ಖುಷಿಯಾಗಿತ್ತು.

"ಹಂಗಾರ ಲಗೂ ಸಹಿ ಮಾಡು," ಎಂದಳು ಕಾಕೂ. "ಮುಗದದ ಗಾಡಿ ತಪ್ಪತದ."