ಸ್ಪಂಜು ಮುಟ್ಟದವರು

"ಚಿಕ್ಕಮ್ಮಾ, ಇಲ್ಲಿಗಿನ್ನೊಂದು ಬಟ್ಟಲು ಸಾರು!"

ಯೊನ್‌ಹ್ವಾ ತಟ್ಟೆ ಹಿಡಿದುಕೊಂಡೇ ತಿರುಗಿದಳು. ಇಂಚೋನ್ ಆಸ್ಪತ್ರೆಯ ಶವಾಗಾರದ ಪಕ್ಕದ ಊಟದ ಕೋಣೆಯಲ್ಲಿ ಕಪ್ಪು ಬಟ್ಟೆ ತೊಟ್ಟು ನಿಂತ ಹೆಂಗಸೆಂದರೆ ಬಡಿಸುವವಳೇ ಎಂದು ಎಲ್ಲರೂ ತಿಳಿದಿದ್ದರು. ಮೊದಲ ದಿನ ಯಾರೋ ಕೇಳಿದರೆಂದು ಒಂದು ಬಟ್ಟಲು ಎತ್ತಿಕೊಟ್ಟದ್ದೇ ತಪ್ಪಾಯಿತು. ಇದು ಮೂರನೆಯ ಬೆಳಿಗ್ಗೆ. ಇನ್ನೂ ಬಡಿಸುತ್ತಲೇ ಇದ್ದಳು.

ಒಳಗೆ ಬಿಳಿ ಸೇವಂತಿಗೆಯ ನಡುವೆ ಪ್ಯೊ ಗಿಲ್ಲಿಮ್ ಅವರ ಪಟ. ಅರವತ್ತೊಂದು ವರ್ಷದ ಹೆಂಗಸು, ಟೈಲ್ಸ್ ಕೂರಿಸುವ ಮೇಸ್ತ್ರಿ. ಮಕ್ಕಳಿಲ್ಲದ್ದರಿಂದ ಅಣ್ಣನ ಮಗ ತೋಳಿಗೆ ಶೋಕದ ಪಟ್ಟಿ ಕಟ್ಟಿಕೊಂಡು ಕರ್ಮಕ್ಕೆ ನಿಂತಿದ್ದ. ಅತ್ತೆಯ ಮುಖ ನೋಡಿ ಆರು ವರ್ಷವಾಯಿತೆಂದು ಅವನೇ ಹೇಳಿದ್ದ, ನಾಚಿಕೆಯಿಲ್ಲದೆ.

"ಹೋಗಿ ಕೆಲಸ ಕೇಳೇ," ಎಂದು ಮಾಲ್‌ಸುಕ್ ತಿವಿದಳು. ಗಿಲ್ಲಿಮ್ ಕೆಲಸ ಕಲಿಸಿದ ನಾಲ್ವರಲ್ಲಿ ಅವಳೇ ಹಿರಿಯಳು. "ಕಾಂಟ್ರಾಕ್ಟರ್ ಮಾ ಬಂದಿದಾನೆ."

"ಹೆಣ ಇನ್ನೂ ಎತ್ತಿಲ್ಲ ಅಕ್ಕಾ."

"ತಿಂಗಳ ಕೊನೆಗೆ ಆಶ್ರಯಧಾಮದಿಂದ ನಿನ್ನನ್ನೂ ಮಗಳನ್ನೂ ಎತ್ತಿ ಹೊರಗಿಡ್ತಾರೆ. ಹೆಣ ಕಾಯುತ್ತೆ, ಅವರು ಕಾಯಲ್ಲ."

ನಿಜ. ಟೈಲ್ಸ್ ಕೆಲಸ ಉಳಿದರೆ ಒಂದು ಬಾಡಿಗೆ ಕೋಣೆ. ಉಳಿಯದಿದ್ದರೆ ಮತ್ತೆ ಆ ಹೊಡೆಯುವ ಗಂಡನ ಮನೆ.

*

ಎರಡು ವರ್ಷದ ಹಿಂದೆ ಗಿಲ್ಲಿಮ್ ಆಶ್ರಯಧಾಮಕ್ಕೆ ಕೆಲಸ ಕಲಿಸಲು ಬಂದದ್ದು ಒಂದು ಬಕೆಟ್ ಗಾರೆ ಹೊತ್ತುಕೊಂಡು. ಯೊನ್‌ಹ್ವಾಳ ಮುರಿದ ಮಣಿಕಟ್ಟಿನ ಪಟ್ಟಿ ಬಿಚ್ಚಿ ವಾರವಾಗಿತ್ತಷ್ಟೆ. ಕರಣೆ ಹಿಡಿದವಳೇ ಅತ್ತುಬಿಟ್ಟಳು.

"ಆಮೇಲೆ ಅಳು. ಗಾರೆ ಗಟ್ಟಿಯಾಗ್ತಿದೆ."

ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವವರು ಗಂಡಸರು. ಸಂದಿ ತುಂಬಿ ಸ್ಪಂಜಿನಿಂದ ಒರೆಸುವವರು ಹೆಂಗಸರು. ಅವರಿಗೆಲ್ಲ ಒಂದೇ ಹೆಸರು, ಚಿಕ್ಕಮ್ಮ. ಗಿಲ್ಲಿಮ್ ತಮ್ಮವರಿಗೆ ಸ್ಪಂಜು ಮುಟ್ಟಗೊಡಲಿಲ್ಲ. "ಒಂದು ಸಲ ಒರೆಸಿ ತೋರಿಸಿದ್ರೋ, ಸಾಯೋವರೆಗೂ ಒರೆಸೋದೇ. ನನ್ನ ಹದಿನೇಳು ವರ್ಷ ಹಾಗೇ ಹೋಯ್ತು ಕಣ್ರೇ, ಕತ್ತೆಗಳಾ! ಚಿಕ್ಕಮ್ಮ ಅಂದ್ರೆ ತಿರುಗಬೇಡಿ. ಮೇಸ್ತ್ರಿ ಅಂದ್ರೆ ಮಾತ್ರ ತಿರುಗಿ."

ಹೆಂಗಸರ ತಂಡವೇ ಎಂದು ಮಾ ನಕ್ಕಾಗ, "ಇವರ ಗೋಡೆ ಕೂದಲೆಳೆ ಸೊಟ್ಟಗಾದ್ರೂ ನಾನೇ ಕಿತ್ತು ಹೊಸದಾಗಿ ಕೂರಿಸ್ಕೊಡ್ತೀನಿ," ಎಂದಿದ್ದರು. ಒಂದು ಗೋಡೆಯನ್ನೂ ಕೀಳಬೇಕಾಗಲಿಲ್ಲ. ಮೊನ್ನೆ ಬೆಳಿಗ್ಗೆ ಹನ್ನೊಂದನೆಯ ಮಹಡಿಯ ಬಚ್ಚಲಲ್ಲಿ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ.

*

ಮಾ ಮುಂದೆ ಸಾರಿಟ್ಟು ಯೊನ್‌ಹ್ವಾ ಮಂಡಿಯೂರಿದಳು. "ಕಾಂಟ್ರಾಕ್ಟ್ರೇ, ಬರೋ ಸೋಮವಾರ ನಾವು ಹನ್ನೆರಡನೇ ಮಹಡಿ ಶುರು ಮಾಡ್ಬೇಕಿತ್ತು."

"ಬನ್ನಿ, ಬನ್ನಿ. ಕೆಲಸ ಇಲ್ಲ ಅಂದ್ನಾ?" ಅವನು ಮೂಲಂಗಿ ಅಗಿಯುತ್ತಿದ್ದ. "ಸ್ಪಂಜು ತನ್ನಿ."

"ನಾವು ಟೈಲ್ಸ್ ಕೂರಿಸೋರು..."

"ಅವಳಿದ್ದಾಗ ಅವಳದು ಜವಾಬ್ದಾರಿ. ಈಗ ಗೋಡೆ ಕೆಟ್ರೆ ಯಾರ ಜುಟ್ಟು ಹಿಡೀಲಿ?" ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಕುಡಿಯೋಕೆ ಸೋಜು ಇದ್ಯಾ, ಚಿಕ್ಕಮ್ಮ?"

ಯೊನ್‌ಹ್ವಾಳ ಬಾಯಿಂದ ಬಂದದ್ದು ಇಷ್ಟೇ, "ತರ್ತೀನಿ."

ಅಷ್ಟರಲ್ಲಿ ಅಣ್ಣನ ಮಗ ಬಾಗಿಲಿಗೆ ಬಂದ. "ಶವದ ಪೆಟ್ಟಿಗೆ ಹೊರೋಕೆ ಆರು ಜನ ಬೇಕು. ಗಂಡಸರು."

"ನಾವು ನಾಲ್ಕು ಜನ ಇದೀವಿ," ಎಂದಳು ಮಾಲ್‌ಸುಕ್. "ಲಿಫ್ಟ್ ಕೆಟ್ಟಾಗ ಸಿಮೆಂಟ್ ಮೂಟೆ ಹೊತ್ಕೊಂಡು ಹನ್ನೊಂದು ಮಹಡಿ ಹತ್ತಿದ ಹೆಗಲು ಇವು. ನಮ್ ಮೇಸ್ತ್ರಿ ಅದಕ್ಕಿಂತ ಭಾರನಾ?"

"ಪದ್ಧತಿ ಇಲ್ಲ ಅಕ್ಕಾ. ನೋಡೋರು ಏನಂತಾರೆ?"

"ನೋಡೋಕೆ ಆರು ವರ್ಷ ನೀನೇ ಬರ್ಲಿಲ್ವಲ್ಲಪ್ಪ!"

ಅವನು ಕೆಂಪಾದ. ಆದರೂ ಪೆಟ್ಟಿಗೆ ಹೊರುವವರ ಬಿಳಿ ಕೈಗವಸಿನ ಕಟ್ಟು ಹೋದದ್ದು ಮಾ ಕೈಗೇ. ಮಾ ತನ್ನ ಐವರು ಆಳುಗಳನ್ನು ಕರೆದ. ಅವರಲ್ಲಿ ಒಬ್ಬನೂ ಗಿಲ್ಲಿಮ್ ಜೊತೆ ಒಂದು ದಿನ ನೆಟ್ಟಗೆ ಮಾತಾಡಿದವನಲ್ಲ.

ಯೊನ್‌ಹ್ವಾ ಎದ್ದು ಹೋಗಿ ಮಾ ಎದುರು ಕೈ ಚಾಚಿದಳು, ಒಂದು ಜೊತೆ ಕೈಗವಸಿಗೆ. ಮಾ ಆ ಕೈ ನೋಡಿದ. ತನ್ನ ದಪ್ಪ ಕೋಟು ಬಿಚ್ಚಿ ಅದರ ಮೇಲೆ ಹಾಕಿದ.

"ಹಿಡ್ಕೊಂಡಿರು."

ಉಳಿದ ಐವರೂ ಅವನನ್ನು ನೋಡಿ ಹಾಗೇ ಮಾಡಿದರು. ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ತಲೆಯ ಕಡೆ ವಾಲಿತು. ಯಾರೋ "ಎತ್ರೋ, ಎತ್ರೋ" ಎಂದು ಕೂಗಿದರು. ಯೊನ್‌ಹ್ವಾ ಗಲ್ಲದವರೆಗೂ ಆರು ಕೋಟು ಹೊತ್ತು ನಿಂತಿದ್ದಳು. ಅವುಗಳೊಳಗೆಲ್ಲೋ ಯಾವನದೋ ಫೋನು ಬಡಿದುಕೊಳ್ಳುತ್ತಲೇ ಇತ್ತು.